ಗ್ರಂಥಾಲಯದ ದೀಪಗಳು: ಕಣ್ಣಿಗೆ ಕಾಣದ ಮಿಣುಕು
(ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಂಥಾಲಯಕ್ಕೆ ಎಲ್‌ಇಡಿ ದೀಪಗಳನ್ನು ಖರೀದಿಸುವಾಗ ನಾವು ಸಾಮಾನ್ಯವಾಗಿ ವ್ಯಾಟ್ ಮತ್ತು ದರಗಳನ್ನು ಮಾತ್ರ ಹೋಲಿಸುತ್ತೇವೆ. ಬೆಳಕು ಸ್ಥಿರವಾಗಿದೆಯೇ ಎಂಬುದನ್ನು ಯಾರೂ ಕೇಳುವುದಿಲ್ಲ. ಮಿಣುಕುವ ಬೆಳಕಿನಲ್ಲಿ ದೀರ್ಘಕಾಲ ಓದುವವರಲ್ಲಿ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ಉಂಟಾಗುತ್ತದೆ. ಆ ಮಿಣುಕು ಕಣ್ಣಿಗೆ ಕಾಣದಿದ್ದರೂ ತೊಂದರೆ ತಪ್ಪದು.

ನಮಗೆ ಪೂರೈಕೆಯಾಗುವ ಎಸಿ ವಿದ್ಯುತ್ತಿಗೆ ಸೆಕೆಂಡಿಗೆ 50 ಆವರ್ತಗಳಿವೆ. ಅಡಾಪ್ಟರ್ ಅದನ್ನು 12 ವೋಲ್ಟಿನ ಡಿಸಿಯಾಗಿ ಪರಿವರ್ತಿಸುವಾಗ ಸೆಕೆಂಡಿಗೆ 100 ಬಾರಿಯ ಏರಿಳಿತವೊಂದು ಉಳಿದುಕೊಳ್ಳಬಹುದು. ಇದಕ್ಕೆ ರಿಪಲ್ ಎಂದು ಹೆಸರು. ಅಡಾಪ್ಟರಿನೊಳಗಿನ ಕೆಪಾಸಿಟರ್ ಈ ಏರಿಳಿತವನ್ನು ತಗ್ಗಿಸುತ್ತದೆ. ಬಿಸಿಗೆ ವರ್ಷಗಳ ಕಾಲ ಸಿಲುಕಿದ ಕೆಪಾಸಿಟರ್ ಒಣಗಿ ಸತ್ವ ಕಳೆದುಕೊಳ್ಳುತ್ತದೆ. ಹಳೆಯ ಬಲ್ಬಿನ ಕಾದ ತಂತಿ ಕ್ಷಣಾರ್ಧದಲ್ಲಿ ತಣಿಯುತ್ತಿರಲಿಲ್ಲವಾದ್ದರಿಂದ ಈ ದೋಷ ಮರೆಯಾಗಿರುತ್ತಿತ್ತು. ಎಲ್‌ಇಡಿಗೆ ಆ ತಾಳ್ಮೆಯಿಲ್ಲ.

ಒಂದು ಲೆಕ್ಕವನ್ನು ಗಮನಿಸೋಣ. ಅಗ್ಗದ 12 ವೋಲ್ಟ್ ದೀಪದಲ್ಲಿ ಸರಣಿಯಾಗಿ ಜೋಡಿಸಿದ ಮೂರು ಎಲ್‌ಇಡಿಗಳು ಸುಮಾರು 9 ವೋಲ್ಟ್ ತೆಗೆದುಕೊಳ್ಳುತ್ತವೆ. ಉಳಿದ 3 ವೋಲ್ಟ್ ಒಂದು ರೆಸಿಸ್ಟರಿನ ಮೇಲೆ ಬೀಳುತ್ತದೆ. ಪ್ರವಾಹವನ್ನು ನಿರ್ಧರಿಸುವುದು ಈ 3 ವೋಲ್ಟ್. ಪೂರೈಕೆಯಲ್ಲಿ ಅರ್ಧ ವೋಲ್ಟ್ ಏರಿಳಿದರೆ 12ರಲ್ಲಿ ಅದು ಅಲ್ಪ, 3ರಲ್ಲಿ ಆರನೆಯ ಒಂದು ಭಾಗ. ಬೆಳಕು ಕಡಿಮೆ ಮಾಡಲೆಂದು ವೋಲ್ಟೇಜನ್ನು 10ಕ್ಕೆ ಇಳಿಸಿದರೆ ರೆಸಿಸ್ಟರಿಗೆ ಉಳಿಯುವುದು ಒಂದೇ ವೋಲ್ಟ್. ಅದೇ ಅರ್ಧ ವೋಲ್ಟ್ ಈಗ ಅದರ ಅರ್ಧ ಭಾಗ. ಆದ್ದರಿಂದ ಪೂರ್ಣ ಬೆಳಕಿನಲ್ಲಿ ನಿರ್ದೋಷವೆಂದು ಕಂಡ ದೀಪ ಮಂದಗೊಳಿಸಿದೊಡನೆ ಮಿಣುಕಬಹುದು. ಪೂರ್ಣ ಬೆಳಕಿನಲ್ಲಿ ಮಾತ್ರ ಪರೀಕ್ಷಿಸಿ ಸರಕನ್ನು ಸ್ವೀಕರಿಸುವುದು ನನ್ನ ದೃಷ್ಟಿಯಲ್ಲಿ ಅರೆ ಪರೀಕ್ಷೆ.

ಖರೀದಿಯ ವಿವರಣೆಯಲ್ಲಿ ‘ಸ್ಥಿರ ಪ್ರವಾಹದ ಡ್ರೈವರ್ ಹೊಂದಿರತಕ್ಕದ್ದು’ ಎಂದೂ, ಮಂದಗೊಳಿಸುವ ಸೌಲಭ್ಯ ಬೇಕಿದ್ದಲ್ಲಿ ದೀಪ ಮತ್ತು ಡಿಮ್ಮರ್ ಪರಸ್ಪರ ಹೊಂದುವಂಥವಾಗಿರಬೇಕೆಂದೂ ನಮೂದಿಸಿರಿ. ತಂತಿ ಬಲ್ಬಿಗೆಂದು ತಯಾರಾದ ಡಿಮ್ಮರನ್ನು ಹೊಂದಾಣಿಕೆ ನೋಡದೆ ಎಲ್‌ಇಡಿಗೆ ಜೋಡಿಸಲಾಗದು. ಸರಕು ಬಂದಾಗ ದೀಪವನ್ನು ಕಾಲುಭಾಗದಷ್ಟು ಬೆಳಕಿಗೆ ಇಳಿಸಿ, ಮೊಬೈಲ್ ಕ್ಯಾಮೆರಾವನ್ನು ಅದರತ್ತ ಹಿಡಿಯಿರಿ. ಪರದೆಯ ಮೇಲೆ ದಟ್ಟವಾದ ಕಪ್ಪು ಪಟ್ಟೆಗಳು ಚಲಿಸಿದರೆ ಬೆಳಕು ಸ್ಥಿರವಲ್ಲ. ಪಟ್ಟೆ ಕಾಣದಿದ್ದ ಮಾತ್ರಕ್ಕೆ ದೀಪ ಉತ್ತಮವೆಂದು ಪ್ರಮಾಣೀಕರಿಸಲಾಗದು. ಇದು ಅಳತೆಯಲ್ಲ, ಜರಡಿ. ಹಿಟ್ಟಿನ ಗಿರಣಿಯಂಥ ಕಡೆ ಈ ಎಚ್ಚರ ಇನ್ನೂ ಅಗತ್ಯ: ಮಿಣುಕುವ ಬೆಳಕಿನಲ್ಲಿ ತಿರುಗುವ ಚಕ್ರ ನಿಂತಂತೆ ತೋರಬಹುದು.

ಈಗಾಗಲೇ ಅಳವಡಿಸಿರುವ ದೀಪ ಮಿಣುಕುತ್ತಿದ್ದರೆ ಹೊಸ ಬಲ್ಬುಗಳಿಗೆ ಠರಾವು ಮಾಡುವ ಮುನ್ನ ಅದೇ ಬಲ್ಬನ್ನು ನೇರವಾಗಿ 12 ವೋಲ್ಟ್ ಬ್ಯಾಟರಿಗೆ ಜೋಡಿಸಿ ನೋಡಿಸಿರಿ. ಚಾರ್ಜ್ ಆಗದಿರುವ ಬ್ಯಾಟರಿಯಲ್ಲಿ ಈ ರಿಪಲ್ ಇರುವುದಿಲ್ಲ. ಆಗ ಮಿಣುಕು ನಿಂತರೆ ದೋಷ ಬಲ್ಬಿನಲ್ಲಿಲ್ಲ, ಅಡಾಪ್ಟರಿನಲ್ಲಿ ಅಥವಾ ಡಿಮ್ಮರಿನಲ್ಲಿದೆ. ಅದೊಂದನ್ನು ಬದಲಾಯಿಸಿದರೆ ಸಾಕು.