ಹಗುರಾಗುತ್ತ ಏರುವ ರಾಕೆಟ್

1969ರ ಜುಲೈ 16ರಂದು ಮೂವರನ್ನು ಹೊತ್ತು ಚಂದ್ರನತ್ತ ಹೊರಟ ಸ್ಯಾಟರ್ನ್-5 ರಾಕೆಟ್ಟಿನ ಚಲನಚಿತ್ರವನ್ನು ನೀವು ನೋಡಿರಬಹುದು. ಅಷ್ಟೊಂದು ಬೆಂಕಿ, ಅಷ್ಟೊಂದು ಆರ್ಭಟ. ಆದರೂ ಅದು ಮೇಲೇಳುವುದು ಜಾತ್ರೆಯ ತೇರು ಕದಲಿದಂತೆ, ಬಲು ನಿಧಾನ. ಮೂರು ನಿಮಿಷ ತುಂಬುವುದರೊಳಗೆ ಮಾತ್ರ ಒಳಗಿದ್ದವರಿಗೆ ತಮ್ಮ ಮೈ ನಾಲ್ಕು ಪಟ್ಟು ಭಾರವಾದಂತೆ ಅನ್ನಿಸಿತ್ತು. ಎಂಜಿನ್ನುಗಳೇನೂ ನಾಲ್ಕು ಪಟ್ಟು ಬಲಗೊಂಡಿರಲಿಲ್ಲ. ಮತ್ತೇನಾಯಿತು?

ಲೆಕ್ಕ ಹಾಕೋಣ, ಭಾಗಾಕಾರ ಬಂದರೆ ಸಾಕು. ಹೊರಡುವಾಗ ರಾಕೆಟ್ಟಿನ ತೂಕ ಸುಮಾರು 2,900 ಟನ್. ಐದು ಎಂಜಿನ್ನುಗಳ ನೂಕುಬಲ ಸುಮಾರು 3,450 ಟನ್ ಭಾರವನ್ನು ಎತ್ತಿಹಿಡಿಯುವಷ್ಟು. ತನ್ನ ತೂಕವನ್ನೇ ತಾಳಿಕೊಂಡ ಮೇಲೆ ಉಳಿಯುವುದು 550 ಟನ್ನಿನ ಬಲ. ಅದನ್ನು 2,900ರಿಂದ ಭಾಗಿಸಿದರೆ ಗುರುತ್ವದ ಐದನೆಯ ಒಂದು ಪಾಲಿಗಿಂತ ತುಸು ಕಡಿಮೆ ಬರುತ್ತದೆ. ಅಂದರೆ ಸೆಕೆಂಡು ಸೆಕೆಂಡಿಗೂ ವೇಗ ಹೆಚ್ಚುವುದು ಎರಡು ಮೀಟರಿಗೂ ಕಡಿಮೆ. ಇದೇ ಆರಂಭದ ವೇಗೋತ್ಕರ್ಷ.

ಇತ್ತ ಸೆಕೆಂಡಿಗೆ ಸುಮಾರು 13 ಟನ್ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ ಉರಿದು ಹೊರಬೀಳುತ್ತಿರುತ್ತದೆ. ಮೂಟೆಗಳು ಉದುರಿ ಹಗುರಾಗುವ ಎತ್ತಿನ ಗಾಡಿಯ ಹೋಲಿಕೆ ಇಲ್ಲಿ ಅರ್ಧ ಮಾತ್ರ ಸರಿ. ತಾನಾಗಿ ಬಿದ್ದ ಮೂಟೆ ಗಾಡಿಯನ್ನು ಮುಂದಕ್ಕೆ ನೂಕುವುದಿಲ್ಲ. ರಾಕೆಟ್ಟಿನಲ್ಲಾದರೋ ಹೊರಬೀಳುವ ಅನಿಲವೇ, ಸೆಕೆಂಡಿಗೆ ಸುಮಾರು 2,600 ಮೀಟರ್ ವೇಗದಿಂದ ಹಿಂದಕ್ಕೆ ಧಾವಿಸಿ, ನೂಕುವ ಕೆಲಸವನ್ನು ಮಾಡುತ್ತದೆ. 13ನ್ನು 2,600ರಿಂದ ಗುಣಿಸಿ, 9.8ರಿಂದ ಭಾಗಿಸಿ ನೋಡಿ: ಆಗಲೇ ಹೇಳಿದ 3,450 ಬರುತ್ತದೆ. ಆದ್ದರಿಂದ ಕಳೆದುಹೋಗುವ ದ್ರವ್ಯಕ್ಕೆಂದು ಮತ್ತೊಂದು ಬಲವನ್ನು ಸೇರಿಸಬಾರದು. ಒಂದನ್ನೇ ಎರಡು ಬಾರಿ ಎಣಿಸಿದಂತಾಗುತ್ತದೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಬಲವನ್ನು ಆ ಕ್ಷಣಕ್ಕೆ ಉಳಿದಿರುವ ದ್ರವ್ಯರಾಶಿಯಿಂದ ಭಾಗಿಸಿದರಾಯಿತು. ರಷ್ಯದ ಶಾಲಾ ಉಪಾಧ್ಯಾಯ ತ್ಸಿಯೊಲ್ಕೊವ್‌ಸ್ಕಿ ರಾಕೆಟ್ಟಿನ ಈ ಗಣಿತವನ್ನು ಪ್ರಕಟಿಸಿದ್ದು 1903ರಲ್ಲಿ, ರೈಟ್ ಸಹೋದರರ ವಿಮಾನ ಇನ್ನೂ ಮೇಲೇರುವ ಮೊದಲೇ!

ಎರಡು ನಿಮಿಷ ಹದಿನೈದು ಸೆಕೆಂಡುಗಳಲ್ಲಿ 1,755 ಟನ್ ಕರಗಿ, ಉಳಿದದ್ದು 1,145. ಗಾಳಿ ತೆಳುವಾದ ಆ ಎತ್ತರದಲ್ಲಿ ನೂಕುಬಲವೂ 4,000 ಟನ್ ದಾಟಿರುತ್ತದೆ. ಭಾಗಿಸಿದರೆ ಮೂರೂವರೆ, ಯಾನಿಗಳ ಮೈಮೇಲೆ ಬೀಳುವ ಭಾರ ಅಷ್ಟು ಪಟ್ಟು. ಐದೂ ಎಂಜಿನ್ನುಗಳು ಹಾಗೆಯೇ ಉರಿದಿದ್ದರೆ ಕೊನೆಗೆ ಅದು ನಾಲ್ಕೂವರೆಯನ್ನು ಮುಟ್ಟುತ್ತಿತ್ತು. ರಾಕೆಟ್ಟಿಗೆ ಹಾಕಿದ್ದ ಮಿತಿ ನಾಲ್ಕು. ಅದಕ್ಕೆಂದೇ ಆ ಹೊತ್ತಿಗೆ ನಡುವಿನ ಎಂಜಿನ್ ಆರುವಂತೆ ಮೊದಲೇ ಗೊತ್ತುಮಾಡಿದ್ದರು. ಉಳಿದ ನಾಲ್ಕು ಇನ್ನೂ ಅರ್ಧ ನಿಮಿಷದಷ್ಟು ಉರಿದಾಗಲೂ ಭಾರ ನಾಲ್ಕನ್ನು ಮೀರಲಿಲ್ಲ. ಬಳಿಕ ಮೊದಲ ಹಂತ ಕಳಚಿಬಿದ್ದು, ಚಿಕ್ಕ ಎಂಜಿನ್ನುಗಳ ಎರಡನೆಯ ಹಂತ ಹೊತ್ತಿಕೊಂಡಿತು. ನಾಲ್ಕರ ಹತ್ತಿರವಿದ್ದ ಭಾರ ಒಮ್ಮೆಲೇ ಒಂದಕ್ಕಿಂತ ಕೆಳಗಿಳಿಯಿತು. ಭಾಗಾಕಾರ ಮತ್ತೆ ಮೊದಲಿನಿಂದ ಆರಂಭ.