ಕಣ್ಣು ಮತ್ತು ಮಿದುಳು: ನೋಟವನ್ನು ಕಲಿಯುವ ಬಗೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ಮಕ್ಕಳ ನೇತ್ರ ತಪಾಸಣಾ ಶಿಬಿರದ ಮುನ್ನಾದಿನ, ತಂದೆತಾಯಿಯರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪೂರ್ಣಪಾಠ)



"ಕಣ್ಣಾರೆ ಕಂಡೆ" ಎಂಬುದು ನಾವು ನಿತ್ಯ ಆಡುವ ಮಾತು. ಕಂಡದ್ದು ಕಣ್ಣೇ ಎಂಬ ವಿಷಯದಲ್ಲಿ ಯಾರಿಗೂ ಸಂದೇಹವಿರುವುದಿಲ್ಲ. ಆದರೆ ವಿಚಾರ ಮಾಡಿ ನೋಡಿದರೆ, ಕಣ್ಣು ಬೆಳಕನ್ನು ಬರಮಾಡಿಕೊಂಡು ಸುದ್ದಿಯನ್ನು ಒಳಗೆ ಮುಟ್ಟಿಸುತ್ತದೆ. ಆ ಸುದ್ದಿಗೆ ಅರ್ಥವನ್ನು ಕಟ್ಟಿಕೊಡುವುದು ಮಿದುಳು. ಅರ್ಥ ಕಟ್ಟುವ ಈ ವಿದ್ಯೆ ಹುಟ್ಟುವಾಗಲೇ ಮಗುವಿಗೆ ಪೂರ್ಣವಾಗಿ ಕೈಗೂಡಿರುವುದಿಲ್ಲ. ಅದನ್ನು ಅದು ಎಳವೆಯಲ್ಲಿ ಕಲಿಯಬೇಕು. ಕಲಿಯುವ ಕಾಲಕ್ಕೆ ಒಂದು ಮಿತಿಯೂ ಉಂಟು. ನಾಳೆ ವೈದ್ಯರು ನಿಮ್ಮ ಮಕ್ಕಳ ಕಣ್ಣುಗಳನ್ನು ಪರೀಕ್ಷಿಸಲಿದ್ದಾರೆ. "ನಮ್ಮ ಮಗುವಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಪರೀಕ್ಷೆ ಏಕೆ ಸ್ವಾಮಿ?" ಎಂದು ಕೆಲವರು ಕೇಳಿದ್ದುಂಟು. ಈ ಪ್ರಶ್ನೆಗೆ ಉತ್ತರವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಕಣ್ಣಿನ ಕೆಲಸ

ಕಣ್ಣಿನ ಮುಂಭಾಗದಲ್ಲಿರುವ ಪಾರದರ್ಶಕವಾದ ಕಾರ್ನಿಯಾ ಎಂಬ ಪಟಲವೂ ಅದರ ಹಿಂದಿರುವ ಮಸೂರವೂ ಕೂಡಿ ಬೆಳಕಿನ ಕಿರಣಗಳನ್ನು ಬಾಗಿಸಿ, ಕಣ್ಣಿನ ಹಿಂಗೋಡೆಯ ಮೇಲೆ ಹೊರಜಗತ್ತಿನ ಒಂದು ಚಿತ್ರವನ್ನು ಮೂಡಿಸುತ್ತವೆ. ಆ ಹಿಂಗೋಡೆಗೆ ಅಕ್ಷಿಪಟಲವೆಂದು ಹೆಸರು. ಈ ಚಿತ್ರವು ತಲೆಕೆಳಗಾಗಿಯೇ ಬೀಳಬೇಕೆಂಬುದನ್ನು 1604ರಲ್ಲಿ ವಿವರಿಸಿದವನು ಜರ್ಮನಿಯ ಖಗೋಳಜ್ಞ ಕೆಪ್ಲರ್. ಕಣ್ಣನ್ನು ಕುರಿತು 1619ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ ಯೇಸುಸಭೆಯ ಗುರು ಕ್ರಿಸ್ಟೋಫ್ ಷೈನರ್ ಅವರು ಪ್ರಾಣಿಯ ಕಣ್ಣಿನ ಹಿಂಬದಿಯ ಹೊದಿಕೆಯನ್ನು ಬಿಡಿಸಿ, ಅಲ್ಲಿ ಮೂಡಿದ ತಲೆಕೆಳಗಾದ ಚಿತ್ರವನ್ನು ಪ್ರತ್ಯಕ್ಷವಾಗಿ ತೋರಿಸಿದರು.

ಹಾಗಾದರೆ ನಮಗೆ ಜಗತ್ತು ನೆಟ್ಟಗೆ ಕಾಣುವುದು ಹೇಗೆ? ತಲೆಯೊಳಗೆ ಯಾರೋ ಒಬ್ಬನು ಕುಳಿತು ಆ ಚಿತ್ರವನ್ನು ನೋಡುತ್ತಿದ್ದರೆ ಮಾತ್ರ ಅದನ್ನು ತಿರುಗಿಸಿ ಇಡಬೇಕಾದೀತು. ಅಲ್ಲಿ ಅಂಥ ನೋಡುಗನಿಲ್ಲ. ಅಕ್ಷಿಪಟಲದ ಯಾವ ಭಾಗದಿಂದ ಬಂದ ಸುದ್ದಿ ಕೈಗೆ ಎಟಕುವ ಯಾವ ಸ್ಥಳವನ್ನು ಕುರಿತದ್ದು ಎಂಬ ಸಂಬಂಧವನ್ನು ಮಿದುಳು ಇರಿಸಿಕೊಂಡಿರುತ್ತದೆ, ಅಷ್ಟೇ ಸಾಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಸ್ಟ್ರಾಟನ್ 1890ರ ದಶಕದಲ್ಲಿ ಎಲ್ಲವನ್ನೂ ತಲೆಕೆಳಗಾಗಿ ತೋರಿಸುವ ಮಸೂರಗಳನ್ನು ಎಂಟು ದಿನಗಳ ಕಾಲ ಧರಿಸಿ ನೋಡಿದನು. ಮೊದಮೊದಲು ಲೋಟವನ್ನು ಹಿಡಿಯುವುದೂ ಕಷ್ಟವಾಗುವಂಥ ಆ ಸ್ಥಿತಿಗೆ, ದಿನ ಕಳೆದಂತೆ ಅವನ ಕೈಕಾಲುಗಳು ಹೊಂದಿಕೊಂಡವು.

ಅಕ್ಷಿಪಟಲದಲ್ಲಿ ಎರಡು ಬಗೆಯ ಜೀವಕೋಶಗಳು ಬೆಳಕನ್ನು ಗ್ರಹಿಸುತ್ತವೆ. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಸುಮಾರು 12 ಕೋಟಿ. ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ತಿಳಿಸುವ ಶಂಕುಕೋಶಗಳು ಸುಮಾರು 60 ಲಕ್ಷ. ಆದರೆ ಕಣ್ಣಿನಿಂದ ಮಿದುಳಿನ ಕಡೆಗೆ ಹೊರಡುವ ದೃಷ್ಟಿನರದಲ್ಲಿರುವ ತಂತುಗಳು ಕೇವಲ 10 ಲಕ್ಷದ ಆಸುಪಾಸು. ಆದುದರಿಂದ ಕಂಡದ್ದೆಲ್ಲವನ್ನೂ ಕಣ್ಣು ಕಳುಹಿಸುವುದಿಲ್ಲ. ಎಲ್ಲಿ ಅಂಚಿದೆ, ಎಲ್ಲಿ ಬೆಳಕು ಬದಲಾಯಿತು, ಏನು ಅಲುಗಿತು ಎಂಬ ಮುಖ್ಯಾಂಶಗಳನ್ನು ಆಯ್ದು ಕಳುಹಿಸುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ಮಿದುಳು ಎಷ್ಟನ್ನು ತಾನೇ ತುಂಬಿಕೊಳ್ಳುತ್ತದೆ ಎಂಬುದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಬಿಳಿ ಕಾಗದದ ಮೇಲೆ ಎಡಕ್ಕೊಂದು ಶಿಲುಬೆಯ ಗುರುತನ್ನೂ, ಅದರಿಂದ ಮೂರು ಅಂಗುಲ ಬಲಕ್ಕೆ ಒಂದು ಕಪ್ಪು ಚುಕ್ಕೆಯನ್ನೂ ಬರೆಯಿರಿ. ಎಡಗಣ್ಣನ್ನು ಮುಚ್ಚಿ, ಬಲಗಣ್ಣಿನಿಂದ ಶಿಲುಬೆಯನ್ನೇ ದಿಟ್ಟಿಸುತ್ತಾ ಕಾಗದವನ್ನು ಮೆಲ್ಲಮೆಲ್ಲನೆ ಹತ್ತಿರಕ್ಕೆ ತನ್ನಿರಿ. ಒಂದು ಅಡಿಗಿಂತ ತುಸು ಹತ್ತಿರ ಬಂದಾಗ ಚುಕ್ಕೆ ಮಾಯವಾಗುತ್ತದೆ. ದೃಷ್ಟಿನರವು ಕಣ್ಣಿನಿಂದ ಹೊರಬೀಳುವ ಆ ಸ್ಥಳದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲ. ಫ್ರಾನ್ಸ್ ದೇಶದ ಎಡ್ಮ್ ಮಾರಿಯಟ್ 1660ರ ದಶಕದಲ್ಲಿ ಇದನ್ನು ಕಂಡುಹಿಡಿದಾಗ ವಿದ್ವಾಂಸರೆಲ್ಲರೂ ಬೆರಗಾದರು. ಗಮನಿಸಬೇಕಾದ ಅಂಶವೆಂದರೆ, ಚುಕ್ಕೆ ಮಾಯವಾದಲ್ಲಿ ರಂಧ್ರವೇನೂ ಕಾಣುವುದಿಲ್ಲ. ಬಿಳಿ ಕಾಗದವೇ ಕಾಣುತ್ತದೆ. ಇಲ್ಲದ್ದನ್ನು ಮಿದುಳು ಸುತ್ತಲಿನ ಬಣ್ಣದಿಂದ ತುಂಬಿಸಿಬಿಟ್ಟಿದೆ.

ಇನ್ನೊಂದು ಪರೀಕ್ಷೆ. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನೂ ಬಳಿಕ ಬಲಗಣ್ಣನ್ನೂ ಬದಲಿಸಿ ಬದಲಿಸಿ ನೋಡಿರಿ. ಕಣ್ಣು ಅತ್ತಿತ್ತ ಹೊರಳಿದ್ದು ನಿಮಗೆ ಒಮ್ಮೆಯಾದರೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಕಣ್ಣುಗಳು ಸೆಕೆಂಡಿಗೆ ಸುಮಾರು ಮೂರು ಬಾರಿ ಹೀಗೆ ಜಿಗಿಯುತ್ತಿರುತ್ತವೆ. ಏಕೆಂದರೆ ಅಕ್ಷಿಪಟಲದ ನಟ್ಟನಡುವಿನ ಪುಟ್ಟ ಗುಳಿಯೊಂದರಲ್ಲಿ ಮಾತ್ರ ನೋಟ ತೀಕ್ಷ್ಣವಾಗಿರುತ್ತದೆ. ಕೈಯನ್ನು ನೀಳವಾಗಿ ಚಾಚಿದಾಗ ಹೆಬ್ಬೆರಳಿನ ಉಗುರು ಎಷ್ಟು ಜಾಗವನ್ನು ಮರೆಮಾಡುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಭಾಗ ನಮಗೆ ಒಂದು ಸಲಕ್ಕೆ ತಿಳಿಯಾಗಿ ಕಾಣುತ್ತದೆ. ಜಿಗಿತದ ಕಲಸುನೋಟವನ್ನು ಮಿದುಳು ತಡೆಹಿಡಿದು, ತುಣುಕುಗಳನ್ನು ಜೋಡಿಸಿ, ಅಲುಗಾಡದ ಒಂದು ಅಖಂಡ ಲೋಕವನ್ನು ನಮಗೆ ಒಪ್ಪಿಸುತ್ತದೆ.

ಮಿದುಳಿನ ಕೆಲಸ

ಎರಡು ಕಣ್ಣುಗಳ ದೃಷ್ಟಿನರಗಳು ಮಿದುಳಿನ ತಳದಲ್ಲಿ ಸಂಧಿಸುತ್ತವೆ. ಅಲ್ಲಿ ಪ್ರತಿಯೊಂದು ನರದ ಸುಮಾರು ಅರ್ಧದಷ್ಟು ತಂತುಗಳು ಎದುರು ಪಾರ್ಶ್ವಕ್ಕೆ ದಾಟಿಹೋಗುತ್ತವೆ. ಹೀಗಾಗಿ ನಮ್ಮ ಮುಂದಿರುವ ದೃಶ್ಯದ ಎಡ ಅರ್ಧವು ಮಿದುಳಿನ ಬಲಭಾಗಕ್ಕೂ, ಬಲ ಅರ್ಧವು ಎಡಭಾಗಕ್ಕೂ ತಲಪುತ್ತದೆ. ಅಲ್ಲಿಂದ ಸುದ್ದಿ ಹೋಗುವುದು ತಲೆಯ ಹಿಂಭಾಗಕ್ಕೆ. ಮುಖದ ಮುಂದೆ ಇರುವ ಕಣ್ಣಿನ ಕೆಲಸ ತಲೆಯ ಹಿಂದುಗಡೆ ನಡೆಯುತ್ತದೆ ಎಂದರೆ ಆಶ್ಚರ್ಯವೆನಿಸೀತು. 1904-05ರಲ್ಲಿ ರಷ್ಯಾ ಮತ್ತು ಜಪಾನ್ ದೇಶಗಳಿಗೆ ನಡೆದ ಯುದ್ಧದಲ್ಲಿ ತಲೆಗೆ ಗುಂಡು ತಗುಲಿಯೂ ಬದುಕುಳಿದ ಸೈನಿಕರನ್ನು ತತ್ಸುಜಿ ಇನೌಯೆ ಎಂಬ ಜಪಾನಿನ ನೇತ್ರವೈದ್ಯನು ಪರೀಕ್ಷಿಸಿದನು. ಅವರ ಕಣ್ಣುಗಳಿಗೆ ಗಾಯವಾಗಿರಲಿಲ್ಲ. ಆದರೂ ನೋಟದ ಒಂದೊಂದು ಭಾಗ ಕುರುಡಾಗಿತ್ತು. ಗುಂಡು ಹೊಕ್ಕ ಸ್ಥಳವನ್ನೂ ಹೊರಬಿದ್ದ ಸ್ಥಳವನ್ನೂ ಅಳೆದು, ಮಿದುಳಿನ ಯಾವ ಭಾಗ ದೃಶ್ಯದ ಯಾವ ಭಾಗವನ್ನು ಕಾಣುತ್ತದೆ ಎಂಬ ನಕ್ಷೆಯನ್ನು ಅವನು 1909ರಲ್ಲಿ ಪ್ರಕಟಿಸಿದನು.

ಎರಡು ಕಣ್ಣುಗಳ ನಡುವೆ ಎರಡೂವರೆ ಅಂಗುಲದಷ್ಟು ಅಂತರವಿರುವುದರಿಂದ ಅವು ಕಳುಹಿಸುವ ಚಿತ್ರಗಳು ತುಸು ಬೇರೆ ಬೇರೆ. ಆ ವ್ಯತ್ಯಾಸದಿಂದಲೇ ಮಿದುಳು ವಸ್ತುಗಳ ದೂರವನ್ನು ಲೆಕ್ಕಹಾಕುತ್ತದೆ. ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೊರಟವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ನೋಟವನ್ನು ಕಲಿಯಬೇಕೆ?

1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನೋ ಎಂಬ ವಿದ್ವಾಂಸನು ತತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದನು. ಅವನ ಪತ್ನಿಯೇ ದೃಷ್ಟಿಯನ್ನು ಕಳೆದುಕೊಂಡವಳು. ಹುಟ್ಟುಕುರುಡನೊಬ್ಬನು ಗೋಲವನ್ನೂ ಚೌಕಗಟ್ಟಿಯನ್ನೂ ಮುಟ್ಟಿ ಗುರುತಿಸಬಲ್ಲವನಾಗಿದ್ದು, ಅವನಿಗೆ ಇದ್ದಕ್ಕಿದ್ದಂತೆ ದೃಷ್ಟಿ ಬಂದರೆ, ಮುಟ್ಟದೆ ಕೇವಲ ನೋಡಿ ಯಾವುದು ಯಾವುದೆಂದು ಹೇಳಬಲ್ಲನೆ? ಹೇಳಲಾರನು ಎಂಬುದೇ ಇಬ್ಬರ ಅಭಿಪ್ರಾಯವಾಗಿತ್ತು.

ಸರಿಯಾದ ಉತ್ತರಕ್ಕೆ ಮೂರು ಶತಮಾನಗಳು ಕಾಯಬೇಕಾಯಿತು; ಆ ಉತ್ತರ ದೊರೆತದ್ದು ನಮ್ಮ ದೇಶದಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಪವನ್ ಸಿನ್ಹಾ ಅವರು 'ಪ್ರಕಾಶ್' ಎಂಬ ಯೋಜನೆಯ ಮೂಲಕ, ದೆಹಲಿಯ ಡಾ. ಶ್ರಾಫ್ ಧರ್ಮಾರ್ಥ ಕಣ್ಣಿನ ಆಸ್ಪತ್ರೆಯ ಸಹಕಾರದೊಡನೆ, ಹುಟ್ಟಿನಿಂದಲೇ ಕುರುಡಾಗಿದ್ದ ಬಡಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತಾ ಬಂದರು. ಅವರಲ್ಲಿ 8ರಿಂದ 17 ವರ್ಷ ವಯಸ್ಸಿನ ಐವರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಕಟ್ಟು ಬಿಚ್ಚಿದ ಹೊಸತರಲ್ಲಿ, ಕೈಯಿಂದ ಮುಟ್ಟಿ ತಿಳಿದ ವಸ್ತುವನ್ನು ಕಣ್ಣಿನಿಂದ ಗುರುತಿಸಲು ಅವರಿಗೆ ಸಾಧ್ಯವಾಗಲಿಲ್ಲ. ಆದರೆ ಕೆಲವೇ ದಿನಗಳಲ್ಲಿ, ಯಾರೂ ಕಲಿಸದೆಯೇ, ಅವರಲ್ಲಿ ಆ ಶಕ್ತಿ ಮೂಡತೊಡಗಿತು. ಹೊಸದಾಗಿ ದೃಷ್ಟಿ ಪಡೆದವರಿಗೆ ಒಂದರ ಮೇಲೊಂದು ಬರೆದ ಎರಡು ಆಕೃತಿಗಳು ಎರಡೆಂದು ಕಾಣದೆ ಹಲವು ತುಂಡುಗಳಂತೆ ಕಾಣುತ್ತಿದ್ದವು. ಅದೇ ಆಕೃತಿಯನ್ನು ಚಲಿಸುವಂತೆ ಮಾಡಿದರೆ ಗುರುತು ಹತ್ತುತ್ತಿತ್ತು.

ಸಂತ ಮಾರ್ಕನ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಬರುವ ಬೆತ್ಸಾಯಿದದ ಕುರುಡನು ನಿಮಗೆ ನೆನಪಾಗಬಹುದು. ಯೇಸುಸ್ವಾಮಿ ಮೊದಲ ಸಲ ಕೈಯಿಟ್ಟಾಗ ಅವನಿಗೆ ಮನುಷ್ಯರು ನಡೆದಾಡುವ ಮರಗಳ ಹಾಗೆ ತೋರಿದರು. ಎರಡನೆಯ ಸಲ ಕೈಯಿಟ್ಟ ಮೇಲೆಯೇ ಎಲ್ಲವೂ ಸ್ಪಷ್ಟವಾಯಿತು. ಶುಭಸಂದೇಶವು ವೈದ್ಯಗ್ರಂಥವಲ್ಲ, ಅದರ ಅರ್ಥ ಬೇರೆ ನೆಲೆಯದು. ಆದರೂ ಕಣ್ಣು ತೆರೆಯುವುದು ಒಂದು ಹಂತ, ಕಂಡದ್ದನ್ನು ಅರಿಯುವುದು ಇನ್ನೊಂದು ಹಂತ ಎಂಬುದನ್ನು ಆ ವೃತ್ತಾಂತದ ಮೂಲಕವೂ ನಾವು ಧ್ಯಾನಿಸಬಹುದು.

ಇಲ್ಲೊಂದು ಸಂದೇಹ ಬರಬಹುದು. ಡಾ. ಎಂ. ಸಿ. ಮೋದಿಯವರು ಕನ್ನಡನಾಡಿನ ಊರೂರುಗಳಲ್ಲಿ ನಡೆಸಿದ ಉಚಿತ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡ ಮುದುಕ ಮುದುಕಿಯರು ಕಟ್ಟು ಬಿಚ್ಚಿದೊಡನೆ ಮಗ ಸೊಸೆಯರ ಮುಖವನ್ನು ಗುರುತಿಸುತ್ತಿದ್ದರಲ್ಲ? ನಿಜ. ಅವರ ಮಿದುಳು ಎಳವೆಯಲ್ಲೇ ನೋಟವನ್ನು ಕಲಿತು ಮುಗಿಸಿತ್ತು. ಮುದಿವಯಸ್ಸಿನಲ್ಲಿ ಕಿಟಕಿಯ ಗಾಜು ಮಸುಕಾಗಿತ್ತು, ಅಷ್ಟೆ. ಗಾಜನ್ನು ಬದಲಿಸಿದೊಡನೆ ಹಳೆಯ ವಿದ್ಯೆ ಕೈಗೆ ಬಂದಿತು. ಮಗುವಿನ ಸಂಗತಿ ಹಾಗಲ್ಲ.

ಕಲಿಯುವ ಕಾಲ

ಇದನ್ನು ನಿಸ್ಸಂದೇಹವಾಗಿ ತೋರಿಸಿದವರು ಅಮೆರಿಕದ ಡೇವಿಡ್ ಹ್ಯೂಬೆಲ್ ಮತ್ತು ಟೋರ್ಸ್ಟೆನ್ ವೀಸೆಲ್. 1960ರ ದಶಕದಲ್ಲಿ ಅವರು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಗಳನ್ನು ಕೆಲವು ವಾರಗಳ ಕಾಲ ಹೊಲಿದು ಮುಚ್ಚಿದರು. ಮತ್ತೆ ತೆರೆದಾಗ ಆ ಕಣ್ಣಿನಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಇರಲಿಲ್ಲ. ಆದರೆ ಮಿದುಳಿನ ಕೋಶಗಳು ಅದರ ಸುದ್ದಿಗೆ ಬಹುಮಟ್ಟಿಗೆ ಓಗೊಡುತ್ತಿರಲಿಲ್ಲ. ಅದಕ್ಕೆ ಸಲ್ಲಬೇಕಾಗಿದ್ದ ಸ್ಥಳವನ್ನು ತೆರೆದಿದ್ದ ಕಣ್ಣು ಆಕ್ರಮಿಸಿಕೊಂಡಿತ್ತು. ಬೆಳೆದ ಬೆಕ್ಕಿನ ಕಣ್ಣನ್ನು ಇನ್ನೂ ದೀರ್ಘಕಾಲ ಮುಚ್ಚಿದರೂ ಇಂಥ ಹಾನಿ ಕಾಣಲಿಲ್ಲ. ಈ ಇಬ್ಬರು ವಿಜ್ಞಾನಿಗಳಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನಮ್ಮ ಮಕ್ಕಳಲ್ಲಿ ರೆಪ್ಪೆಯನ್ನು ಯಾರೂ ಹೊಲಿಯುವುದಿಲ್ಲ. ಆದರೂ ಇದೇ ಅನಾಹುತ ಸದ್ದಿಲ್ಲದೆ ನಡೆಯಬಹುದು. ಒಂದು ಕಣ್ಣಿಗೆ ಹೆಚ್ಚು ನಂಬರಿನ ಕನ್ನಡಕ ಬೇಕಾಗಿದ್ದು ಅದನ್ನು ಹಾಕದೆ ಇದ್ದರೆ, ಆ ಕಣ್ಣಿನಿಂದ ಸದಾ ಮಸುಕು ಚಿತ್ರವೇ ಬರುತ್ತದೆ. ಮೆಳ್ಳೆಗಣ್ಣಾಗಿದ್ದರೆ ಎರಡು ಕಣ್ಣುಗಳು ಬೇರೆ ಬೇರೆ ದಿಕ್ಕನ್ನು ತೋರಿಸುತ್ತವೆ. ಹೊಂದಿಕೆಯಾಗದ ಎರಡು ಸುದ್ದಿಗಳು ಬಂದಾಗ ಎಳೆಯ ಮಿದುಳು ಒಂದನ್ನು ನಂಬಿ ಮತ್ತೊಂದನ್ನು ಬದಿಗೆ ಸರಿಸುತ್ತದೆ. ವರ್ಷಗಳು ಕಳೆದರೆ ಬದಿಗೆ ಸರಿದ ಕಣ್ಣಿನ ನೋಟ ಕುಂದಿಹೋಗುತ್ತದೆ. ಮುಂದೆ ಎಂಥ ಕನ್ನಡಕ ಹಾಕಿದರೂ ಪೂರ್ತಿ ತಿಳಿಯಾಗುವುದಿಲ್ಲ. ಇದನ್ನು ವೈದ್ಯರು ಅಂಬ್ಲಿಯೋಪಿಯಾ ಎನ್ನುತ್ತಾರೆ, ಜನರು ಸೋಮಾರಿ ಕಣ್ಣು ಎನ್ನುತ್ತಾರೆ. ಪಾಪ, ಕಣ್ಣು ಸೋಮಾರಿಯಾಗಿಲ್ಲ. ಅದರ ಮಾತನ್ನು ಕೇಳುವವರಿಲ್ಲದೆ ಹೋಗಿದೆ.

ಒಂದು ಕಣ್ಣು ಚೆನ್ನಾಗಿರುವ ಮಗು ಓಡುತ್ತದೆ, ಆಡುತ್ತದೆ, ಓದುತ್ತದೆ. ತನಗೆ ಕಾಣುವುದೇ ಎಲ್ಲರಿಗೂ ಕಾಣುವ ಬಗೆ ಎಂದು ತಿಳಿದಿರುವುದರಿಂದ ದೂರುವುದೂ ಇಲ್ಲ. ಆದುದರಿಂದಲೇ "ಚೆನ್ನಾಗಿ ಕಾಣುತ್ತದೆ" ಎಂಬ ನಮ್ಮ ಭರವಸೆಯನ್ನು ಪೂರ್ತಿ ನಂಬುವಂತಿಲ್ಲ. ಒಂದೊಂದೇ ಕಣ್ಣನ್ನು ಮುಚ್ಚಿ ಪರೀಕ್ಷಿಸಿದಾಗ ಮಾತ್ರ ನಿಜ ಹೊರಬೀಳುತ್ತದೆ.

ತಂದೆತಾಯಿಯರಲ್ಲಿ ವಿನಂತಿ

ಹುಟ್ಟಿದ ಕೂಸಿನ ಕಣ್ಣಿನ ಪಾಪೆಯಲ್ಲಿ ಬಿಳುಪು ಕಂಡರೆ ಒಂದು ದಿನವನ್ನೂ ಕಳೆಯದೆ ನೇತ್ರವೈದ್ಯರಲ್ಲಿಗೆ ಒಯ್ಯಿರಿ. ಅದು ಪೊರೆಯಾಗಿದ್ದರೆ, ದಟ್ಟವಾದ ಪೊರೆಯನ್ನು ಮೊದಲ ಎರಡು ತಿಂಗಳೊಳಗೆ ತೆಗೆಸುವುದು ಲೇಸು. ಅದಕ್ಕಿಂತ ಘೋರವಾದ ರೋಗದ ಲಕ್ಷಣವೂ ಆಗಿರಬಹುದು. ಮೂರು ನಾಲ್ಕು ತಿಂಗಳ ನಂತರವೂ ಕಣ್ಣು ಓರೆಯಾಗಿ ನಿಂತರೆ, ಅದೃಷ್ಟದ ಗುರುತೆಂದು ಹೇಳುವವರ ಮಾತನ್ನು ಬದಿಗಿಡಿ. ತಲೆಯನ್ನು ವಾಲಿಸಿ ನೋಡುವ, ಪುಸ್ತಕವನ್ನು ಮುಖಕ್ಕೆ ಒತ್ತಿ ಹಿಡಿಯುವ ಮಗುವನ್ನು ಗದರಿಸಬೇಡಿ, ಪರೀಕ್ಷೆ ಮಾಡಿಸಿ. ಯಾವ ಲಕ್ಷಣವೂ ಇಲ್ಲದ ಮಗುವಿಗೂ ಶಾಲೆಗೆ ಸೇರುವ ಮುನ್ನ ಒಮ್ಮೆ ಪರೀಕ್ಷೆಯಾಗಲಿ.

ಚಿಕಿತ್ಸೆ ಸರಳ. ಸರಿಯಾದ ಕನ್ನಡಕ, ಮತ್ತು ಅವಶ್ಯವಿದ್ದರೆ ಬಲವಾದ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ. ಬಲ್ಲ ಕಣ್ಣನ್ನು ಮುಚ್ಚಿದಾಗ ಮಿದುಳು ದುರ್ಬಲ ಕಣ್ಣಿನ ಮಾತಿಗೆ ಕಿವಿಗೊಡಲೇಬೇಕಾಗುತ್ತದೆ. ಮಗು ಅಳುತ್ತದೆ, ಪಟ್ಟಿಯನ್ನು ಕಿತ್ತೆಸೆಯುತ್ತದೆ. ತಾಯಂದಿರೇ, ಆಗ ಕನಿಕರದಿಂದ ಬಿಟ್ಟುಬಿಡಬೇಡಿ. ಏಳೆಂಟು ವರ್ಷಗಳೊಳಗೆ ಈ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಆಮೇಲೆ ಫಲ ಇಳಿಮುಖವಾದರೂ, ದೊಡ್ಡ ಮಕ್ಕಳಿಗೂ ಕೆಲವೊಮ್ಮೆ ಗುಣ ಕಾಣುವುದರಿಂದ ವೈದ್ಯರನ್ನು ಕೇಳದೆ ಕೈಬಿಡಬಾರದು.

ಕೊನೆಯದಾಗಿ ಒಂದು ಮಾತು. ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ಮುಂದೆ ಮದುವೆಗೆ ತೊಡಕಾದೀತೆಂದು ಅಂಜುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇಪ್ಪತ್ತು ವರ್ಷಗಳ ಮುಂದಿನ ವರನಿಗಾಗಿ ಇಂದು ಮಗಳ ಒಂದು ಕಣ್ಣಿನ ಬೆಳಕನ್ನು ತೆರುವುದು ಯಾವ ನ್ಯಾಯ? ಕನ್ನಡಕವನ್ನು ದೊಡ್ಡವಳಾದ ಮೇಲೂ ಹಾಕಬಹುದು, ತೆಗೆಯಬಹುದು. ಮಿದುಳು ನೋಟವನ್ನು ಕಲಿಯುವ ಕಾಲ ಮಾತ್ರ ಮತ್ತೆ ಅಷ್ಟು ಧಾರಾಳವಾಗಿ ಬರುವುದಿಲ್ಲ.

ನಾಳೆ ಬೆಳಗಿನ ಪೂಜೆಯ ನಂತರ ಶಾಲಾ ಕಟ್ಟಡದಲ್ಲಿ ಶಿಬಿರ ಆರಂಭವಾಗುತ್ತದೆ. ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ, ಕೈಗೂಸುಗಳನ್ನೂ ಕರೆತನ್ನಿರಿ. ನೆರೆಮನೆಯವರು ಯಾವ ಮತದವರೇ ಆಗಿರಲಿ, ಅವರ ಮಕ್ಕಳನ್ನೂ ಜೊತೆಗೆ ಕರೆತನ್ನಿರಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.