ಊರಿನ ಹೆಸರಿತ್ತು, ಊರಿನ ಮೈದಾನ ಇರಲಿಲ್ಲ

ಇವತ್ತು ನಿಮಗೊಂದು ಸಣ್ಣ ಪ್ರಶ್ನೆ. ನಮ್ಮ ಹೈದರಾಬಾದಿನ ಕ್ರೀಡಾ ತಂಡಗಳು ಯಾವುವು, ಹೇಳಿ ನೋಡೋಣ? ಸನ್‌ರೈಸರ್ಸ್ ಅಂತೀರಿ. ಸ್ವಲ್ಪ ಹಿಂದಕ್ಕೆ ಹೋದರೆ ಡೆಕ್ಕನ್ ಚಾರ್ಜರ್ಸ್. 2009ರ ಫೈನಲ್‌ನಲ್ಲಿ ಬೆಂಗಳೂರನ್ನು ಆರೇ ಆರು ರನ್ನಿನಿಂದ ಸೋಲಿಸಿದವರನ್ನು ಇಲ್ಲಿನ ಕನ್ನಡಿಗರು ಮರೆಯೋದಾದರೂ ಹೇಗೆ! ಸರಿ, ಹೈದರಾಬಾದ್ ಸ್ಕೈಕಿಂಗ್ಸ್ ಗೊತ್ತೇ? ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಅದು ಅಮೆರಿಕನ್ ಫುಟ್‌ಬಾಲ್ ತಂಡ.

ಈ ಆಟದ ಹೆಸರಲ್ಲಿ ಫುಟ್‌ಬಾಲ್ ಇದ್ದರೂ ಚೆಂಡು ಹೆಚ್ಚು ಹೊತ್ತು ಇರುವುದು ಕೈಯಲ್ಲೇ. ಒಂದೊಂದು ಕಡೆ ಹನ್ನೊಂದು ಜನ, ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಕವಚ. ನಾಲ್ಕು ಪ್ರಯತ್ನದಲ್ಲಿ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ಯಬೇಕು. ಒಯ್ದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಕಬಡ್ಡಿಯ ಹಿಡಿತ, ಚದುರಂಗದ ಲೆಕ್ಕಾಚಾರ ಎರಡೂ ಸೇರಿದ ಹಾಗೆ ಅಂದುಕೊಳ್ಳಿ.

ಈ ಆಟವನ್ನು ಭಾರತಕ್ಕೆ ತರಲು 2011ರಲ್ಲಿ ಎಲೈಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಎಂಬ ಲೀಗ್ ಘೋಷಣೆಯಾಯಿತು. ಹಣ ಹೂಡಿದವರಲ್ಲಿ ಅಮೆರಿಕದ ದೊಡ್ಡ ಆಟಗಾರರಾಗಿದ್ದ ಕರ್ಟ್ ವಾರ್ನರ್, ಮೈಕೆಲ್ ಅರ್ವಿನ್ ಇದ್ದರು. ಗ್ರೀನ್ ಬೇ ಪ್ಯಾಕರ್ಸ್‌ಗೆ ಆಡಿದ್ದ ಭಾರತೀಯ ಮೂಲದ ಬ್ರ್ಯಾಂಡನ್ ಚಿಲ್ಲರ್ ಕೂಡ ಇದ್ದರು. ಊರೂರಿಗೆ ಒಂದೊಂದು ತಂಡ ಹುಟ್ಟಿತು. ನಮಗೆ ಸ್ಕೈಕಿಂಗ್ಸ್, ಬೆಂಗಳೂರಿಗೆ ವಾರ್‌ಹಾಕ್ಸ್. ಬೇರೆ ಬೇರೆ ಆಟ ಆಡಿಕೊಂಡಿದ್ದ ಹುಡುಗರು ಬಂದು ಸೇರಿದರು. ಹಲವರಿಗೆ ಈ ಆಟದ ಅಆಇಈ ಹೊಸದಾಗಿ ಕಲಿಯಬೇಕಿತ್ತು.

2012ರಲ್ಲಿ ಮೊದಲ ಋತು ನಡೆಯಿತು. ಎಲ್ಲಿ ಅಂತೀರಿ? ಲಾಲ್ ಬಹದ್ದೂರ್ ಕ್ರೀಡಾಂಗಣದಲ್ಲೂ ಅಲ್ಲ, ಗಚ್ಚಿಬೌಲಿಯಲ್ಲೂ ಅಲ್ಲ. ಸಮುದ್ರ ದಾಟಿ ಶ್ರೀಲಂಕಾದ ಕೊಲಂಬೊದಲ್ಲಿ! ಪಂದ್ಯಗಳನ್ನು ಚಿತ್ರೀಕರಿಸಿ ಆಮೇಲೆ ಟಿವಿಯಲ್ಲಿ ತೋರಿಸಿದರು. ಫೈನಲ್‌ನಲ್ಲಿ ಪುಣೆ ಮರಾಠಾಸ್ ತಂಡ ಡೆಲ್ಲಿ ಡಿಫೆಂಡರ್ಸ್ ತಂಡವನ್ನು 6-0 ಅಂಕಗಳಿಂದ ಸೋಲಿಸಿತು. ವರ್ಷ ವರ್ಷ ನಡೆಯುವ ಲೀಗ್ ಆಗಿ ಅದು ಬೆಳೆಯಲಿಲ್ಲ. ಸ್ಕೈಕಿಂಗ್ಸ್ ಹೆಸರೂ ಮರೆಯಾಯಿತು. ಅಯ್ಯೋ ಎನ್ನುವವರೂ ಊರಿನಲ್ಲಿ ಹೆಚ್ಚು ಇರಲಿಲ್ಲ.

ಯಾಕೆ ಹೀಗಾಯಿತು? ಆಟ ಹೊಸದು, ದುಬಾರಿ ಎಂದರೆ ಅರ್ಧ ಉತ್ತರ ಮಾತ್ರ. ದೂರದಲ್ಲಿ ಆಡಿದ್ದೂ ಒಂದೇ ಕಾರಣವಲ್ಲ. 2009ರ ಐಪಿಎಲ್ ನಡೆದದ್ದು ದಕ್ಷಿಣ ಆಫ್ರಿಕಾದಲ್ಲಿ, ಆದರೂ ಚಾರ್ಜರ್ಸ್ ಗೆದ್ದಾಗ ಇಲ್ಲಿ ಪಟಾಕಿಗೆ ಕಾರಣವಿತ್ತು. ಗಲ್ಲಿ ಗಲ್ಲಿಯಲ್ಲಿ ಕ್ರಿಕೆಟ್ ಇತ್ತಲ್ಲ! ಸ್ಕೈಕಿಂಗ್ಸ್‌ಗೆ ಅಂಥ ಗಲ್ಲಿ ಇರಲಿಲ್ಲ.

ಇದೇ ಊರಿನ ಇನ್ನೊಂದು ತಂಡವನ್ನು ನೋಡಿ. ಹೈದರಾಬಾದ್ ಸಿಟಿ ಪೊಲೀಸ್. ಇದು ನಾವು ಬಲ್ಲ, ಕಾಲಲ್ಲಿ ಆಡುವ ಫುಟ್‌ಬಾಲ್. ಶಾಲಾ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಮ್ ತರಬೇತುದಾರರು. ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ಸಲ ಗೆದ್ದ ತಂಡವದು. ಆಗ ರಾಯಚೂರು, ಗುಲ್ಬರ್ಗ, ಬೀದರ್ ಎಲ್ಲ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. 1956ರ ತನಕ ಅದು ನಮ್ಮ ಆ ಜಿಲ್ಲೆಗಳ ರಾಜಧಾನಿಯ ತಂಡವೂ ಆಗಿತ್ತು. ಆಟಗಾರರಿಗೆ ಇಲಾಖೆಯಲ್ಲಿ ಕೆಲಸವಿತ್ತು, ತಿಂಗಳ ಸಂಬಳವಿತ್ತು. ಒಂದು ಟೂರ್ನಿ ಸೋತರೆ ಮುಂದಿನದಕ್ಕೆ ತಯಾರಿ. ರಹೀಮ್ ಸಾಹೇಬರು 1963ರಲ್ಲಿ ತೀರಿಕೊಂಡರು. ಅರವತ್ತು ವರ್ಷ ಕಳೆದ ಮೇಲೆ, 2024ರಲ್ಲಿ, ಅವರ ಕತೆ ಆಧರಿಸಿ 'ಮೈದಾನ್' ಎಂಬ ಹಿಂದಿ ಚಿತ್ರ ಬಂತು.

ಅಮೆರಿಕದಲ್ಲೂ ಪಾಠ ಇದೇ. ಚಿಲ್ಲರ್ ಆಡಿದ ಪ್ಯಾಕರ್ಸ್ ಇರುವ ಗ್ರೀನ್ ಬೇ, ಸುಮಾರು ಒಂದು ಲಕ್ಷ ಜನರ ಸಣ್ಣ ಊರು. ತಂಡ ಶುರುವಾದದ್ದು 1919ರಲ್ಲಿ. ದುಡ್ಡಿಗೆ ಕಷ್ಟ ಬಂದಾಗ ಊರವರೇ ಷೇರು ಕೊಂಡು ಉಳಿಸಿಕೊಂಡರು. ಆ ಷೇರಿಗೆ ಲಾಭಾಂಶ ಬರುವುದಿಲ್ಲ, ಆದರೂ ಇವತ್ತು ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ.

ಸ್ಕೈಕಿಂಗ್ಸ್ ಹುಡುಗರನ್ನು ನೋಡಿ ನಗುವುದು ಬೇಡ. ಗೊತ್ತಿಲ್ಲದ ಆಟವನ್ನು ಕಲಿತು, ಮೈಕೈ ನೋಯಿಸಿಕೊಂಡು, ಪರದೇಶದಲ್ಲಿ ನಮ್ಮ ಊರಿನ ಹೆಸರಿನಲ್ಲಿ ಆಡಿದರು. ಹೆಸರು ಕೊಟ್ಟವರು ಅವರನ್ನು ಊರಿಗೆ ಪರಿಚಯಿಸಲಿಲ್ಲ. ನಷ್ಟ ಆದದ್ದು ಹೂಡಿಕೆದಾರರಿಗಿಂತ ಅವರಿಗೇ ಹೆಚ್ಚು. ಪ್ರಾಯದ ವರ್ಷಗಳು ಮತ್ತೆ ಸಿಗುತ್ತವೆಯೇ?

ನಮ್ಮಿಂದ ಆಗುವುದು ಒಂದಿದೆ. ಈ ಭಾನುವಾರ ನಿಮ್ಮ ಬಡಾವಣೆಯ ಮೈದಾನದಲ್ಲಿ ಮಕ್ಕಳು ಯಾವ ಆಟ ಆಡುತ್ತಿದ್ದರೂ ಸರಿ, ಹತ್ತು ನಿಮಿಷ ನಿಂತು ನೋಡಿ. ಗೋಲು ಹೊಡೆದವನ ಹೆಸರು ಕೇಳಿ ತಿಳಿದುಕೊಳ್ಳಿ. ಕನ್ನಡದಲ್ಲಿ ಶಹಬ್ಬಾಸ್ ಅಂದರೂ ಇಲ್ಲಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ.